ಹೊಸ ನರ್ಸ್‌ಗಳಿಗೆ ಕೆಲಸ ಕಲಿಸುವವರು ಯಾರು? ಉತ್ತರ ಕನ್ನಡದ ಸಿಸ್ಟರ್‌ಗಳು ಹೇಳಿ

ಘಟ್ಟದ ಸಿಸ್ಟರ್, ಶಿರಸಿ

ಎಲ್ಲರಿಗೂ ನಮಸ್ಕಾರ. ನರ್ಸ್ ಕೆಲಸಕ್ಕೆ ಸೇರಿ 22 ವರ್ಷ ಆಯಿತು. ಆರು ವರ್ಷದಿಂದ ಮೆಡಿಕಲ್ ವಾರ್ಡಿನ ಇನ್‌ಚಾರ್ಜ್ ಇದ್ದೇನೆ. ಮೊದಲು ಒಂದು ಬೆಳಗಿನ ವಿಷಯ ಹೇಳುತ್ತೇನೆ, ಆಮೇಲೆ ಪ್ರಶ್ನೆ.

ಹೋದ ತಿಂಗಳು ಬೆಳಿಗ್ಗೆ ಏಳೂವರೆ ಹೊತ್ತು. ನೈಟ್‌ನವರು ಚಾರ್ಜ್ ಕೊಡುತ್ತಿದ್ದರು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಸಕ್ಕರೆ ಕಾಯಿಲೆಯ ಅಜ್ಜನಿಗೆ ಇನ್ಸುಲಿನ್ ಎಳೆಯುತ್ತಿದ್ದಳು. ಕೈಯಲ್ಲಿದ್ದದ್ದು ಕೆಂಪು ಮುಚ್ಚಳದ ಸಿರಿಂಜ್. ಬಾಟಲಿ ಮಾತ್ರ ಅಜ್ಜನ ಮಗ ಹೊರಗಿನಿಂದ ತಂದದ್ದು. ಅದರ ಮೇಲೆ 100 ಅಂತ ಇತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ಇನ್ಸುಲಿನ್ ಬಾಟಲಿ ಎರಡು ಥರ ಬರುತ್ತದೆ. ಒಂದರಲ್ಲಿ ಎಂಎಲ್‌ಗೆ 40 ಯೂನಿಟ್, ಇನ್ನೊಂದರಲ್ಲಿ 100. 40ರದ್ದಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ರದ್ದಕ್ಕೆ ಕಿತ್ತಳೆ ಮುಚ್ಚಳದ್ದು. ಕೆಂಪು ಸಿರಿಂಜ್‌ನಲ್ಲಿ 20ರ ಗೆರೆ ತನಕ 100ರ ಔಷಧ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಎರಡೂವರೆ ಪಟ್ಟು. ಅಜ್ಜ ತಿಂಡಿ ಬರುವ ಮೊದಲೇ ಬೆವರಿ, ಪ್ರಜ್ಞೆ ತಪ್ಪಬಹುದಿತ್ತು.

ಕೈ ಹಿಡಿದು ನಿಲ್ಲಿಸಿದೆ. ಪಕ್ಕದ ಕೋಣೆಗೆ ಕರೆದುಕೊಂಡು ಹೋದೆ. ಎರಡೂ ಸಿರಿಂಜ್ ಟ್ರೇಯಲ್ಲಿ ಇಟ್ಟು, ಎರಡರಲ್ಲೂ 20ರ ಗೆರೆ ತನಕ ಡಿಸ್ಟಿಲ್ಡ್ ವಾಟರ್ ಎಳಿ ಅಂದೆ. ಎಳೆದಳು. ಕೆಂಪಿನದರಲ್ಲಿ ಅರ್ಧ ಎಂಎಲ್. ಕಿತ್ತಳೆಯದರಲ್ಲಿ ಅದರ ಅರ್ಧದಷ್ಟೂ ಇಲ್ಲ. ಎರಡನ್ನೂ ಕಿಟಕಿ ಬೆಳಕಿಗೆ ಹಿಡಿದು ನೋಡಿದಳು. ಮುಖ ಬಿಳಿಚಿಕೊಂಡಿತು. "ಅಕ್ಕಾ, ಇದನ್ನ ಕಾಲೇಜಿನಲ್ಲಿ ಹೇಳಿದ್ದರು. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ಕೂಡ ತಗೊಂಡಿದ್ದೆ" ಅಂದಳು.

ಆ ಹುಡುಗಿ ಇನ್ನು ಜೀವಮಾನದಲ್ಲಿ ಆ ತಪ್ಪು ಮಾಡುವುದಿಲ್ಲ. ಅದಕ್ಕೆ ಬೇಕಾದದ್ದು ಹತ್ತು ನಿಮಿಷ. ಆದರೆ ಆ ಹತ್ತು ನಿಮಿಷ ನನಗೆ ಸಿಕ್ಕಿದ್ದು ಅವತ್ತು ಇಂಡೆಂಟ್ ದಿನ, ಅಂದರೆ ಸ್ಟೋರ್‌ನಿಂದ ವಾರ್ಡಿಗೆ ಸಾಮಾನು ತರಿಸುವ ದಿನ ಅಲ್ಲ ಅನ್ನುವ ಒಂದೇ ಕಾರಣಕ್ಕೆ. ಬೇರೆ ದಿನ ಆಗಿದ್ದರೆ ನಾನು ಸ್ಟೋರ್ ಮುಂದೆ ನಿಂತಿರುತ್ತಿದ್ದೆ. ಬೆಡ್‌ಶೀಟ್ ಲೆಕ್ಕ, ಆಕ್ಸಿಜನ್ ಸಿಲಿಂಡರ್ ಲೆಕ್ಕ, ಊಟದ ಪಟ್ಟಿ, ಡ್ಯೂಟಿ ಚಾರ್ಟ್, ಕಸದ ಚೀಲದ ರಿಜಿಸ್ಟರ್, ಯೋಜನೆಗಳ ಕಾಗದಪತ್ರ. ಇನ್‌ಚಾರ್ಜ್ ಅಂದರೆ ಈಗ ಇಷ್ಟೇ ಆಗಿಬಿಟ್ಟಿದೆ.

ನಮ್ಮ ಜಿಲ್ಲೆಯಲ್ಲಿ ಇದು ಇನ್ನೂ ದೊಡ್ಡ ವಿಷಯ. ದೊಡ್ಡ ಆಸ್ಪತ್ರೆ ಇರುವ ಹುಬ್ಬಳ್ಳಿ ಶಿರಸಿಯಿಂದ ನೂರು ಕಿಲೋಮೀಟರ್ ಆಸುಪಾಸು. ಕಾರವಾರದವರು ಗೋವಾದ ಬಾಂಬೋಳಿಗೆ ಓಡುತ್ತಾರೆ, ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೊರಟ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟ್‌ನಲ್ಲಿ ಮಗುಚಿ ಬಿದ್ದದ್ದನ್ನು ಯಾರೂ ಮರೆತಿಲ್ಲ. ದೊಡ್ಡ ಆಸ್ಪತ್ರೆ ಬೇಕು ಅಂತ ಜಿಲ್ಲೆಗೆ ಜಿಲ್ಲೆಯೇ ಕೇಳಿತು. ನಾನೂ ಕೇಳುತ್ತೇನೆ. ಆದರೆ ದೊಡ್ಡ ಆಸ್ಪತ್ರೆ ತಲುಪುವ ತನಕ ರೋಗಿ ಇರುವುದು ನಮ್ಮ ಹತ್ತಿರದ ನರ್ಸ್ ಕೈಯಲ್ಲಿ ಅಲ್ವಾ? ಆ ಕೈಗೆ ಕೆಲಸ ಕಲಿಸುವವರು ಯಾರು? ನಿಮ್ಮ ವಾರ್ಡುಗಳಲ್ಲಿ ಹೇಗೆ ನಡೆಯುತ್ತಿದೆ, ಬರೆಯಿರಿ.

ಕೋಟೆನಾಡಿನ ಹುಡುಗಿ, ಈಗ ಕಾರವಾರ

ಅಕ್ಕಾ, ಓದುತ್ತಾ ಆ ಹುಡುಗಿ ನಾನೇ ಅನ್ನಿಸಿತು. ನನ್ನ ಊರು ಬಾಗಲಕೋಟೆ ಕಡೆ. ಕೆಲಸಕ್ಕೆ ಸೇರಿ ಎರಡು ವರ್ಷ.

ಇಲ್ಲಿಗೆ ಬಂದ ಮೊದಲ ವಾರ ನನಗೆ ಕಷ್ಟ ಆದದ್ದು ಭಾಷೆ. ಮೀನುಗಾರರ ಮನೆಯ ವಯಸ್ಸಾದ ಹೆಂಗಸರು ಹೆಚ್ಚಿನವರು ಕೊಂಕಣಿಯಲ್ಲೇ ಮಾತಾಡುತ್ತಾರೆ. ನೋವು ಎಲ್ಲಿ ಅಂತ ಕೇಳಿದರೆ ಅವರಿಗೆ ನನ್ನ ಕನ್ನಡ ತಿಳಿಯಲಿಲ್ಲ, ನನಗೆ ಅವರ ಮಾತು ತಿಳಿಯಲಿಲ್ಲ. ನಮ್ಮ ಇನ್‌ಚಾರ್ಜ್ ಮೇಡಂ ಮೊದಲ ದಿನ ಕಲಿಸಿದ್ದೇ "ಖಂಯ್ ದುಕ್ತಾ?" ಅನ್ನುವುದನ್ನ. ರಕ್ತನಾಳಕ್ಕೆ ಕ್ಯಾನುಲಾ ಹಾಕುವುದು ಆಮೇಲೆ. ಒಂದು ಚೀಟಿಯಲ್ಲಿ ಮಾತುಗಳನ್ನು ಬರೆದು ಬಿಪಿ ಮಷಿನ್ ಡಬ್ಬಿಯ ಒಳಗೆ ಅಂಟಿಸಿದರು. ಅದು ಇನ್ನೂ ಅಲ್ಲೇ ಇದೆ. ನನ್ನ ನಂತರ ಬಂದ ಇಬ್ಬರೂ ಅದನ್ನೇ ನೋಡಿ ಕಲಿತರು.

ಇದಕ್ಕಿಂತ ಮೊದಲು ಬೇರೆ ಕಡೆ ಒಂದು ಆಸ್ಪತ್ರೆಯಲ್ಲಿದ್ದೆ. ಹೆಸರು ಬೇಡ. ಅಲ್ಲಿ ಒಂದು ಡ್ರಿಪ್ ಬೇಗ ಹೋಯಿತು ಅಂತ ಹತ್ತು ಜನ ರೋಗಿಗಳ ಎದುರು ನನ್ನನ್ನು ಬೈದರು. "ನಿನಗೆ ಸರ್ಟಿಫಿಕೇಟ್ ಯಾರು ಕೊಟ್ಟರು" ಅಂದರು. ತಪ್ಪು ನನ್ನದೇ, ಹನಿ ಎಣಿಸಿರಲಿಲ್ಲ. ಆದರೆ ಹನಿ ಎಣಿಸುವುದು ಹೇಗೆ ಅಂತ ಅಲ್ಲಿ ಯಾರೂ ತೋರಿಸಲೂ ಇಲ್ಲ. ಆ ಬೈಗುಳದಿಂದ ನಾನು ಕಲಿತದ್ದು ಮುಂದಿನ ತಪ್ಪನ್ನು ಮುಚ್ಚಿಡುವುದನ್ನ. ಇದನ್ನು ಹೇಳಲು ನಾಚಿಕೆ ಆಗುತ್ತದೆ, ಆದರೂ ಹೇಳಬೇಕು ಅನ್ನಿಸಿತು.

ಇಲ್ಲಿ ಮೇಡಂ ನನ್ನ ಕೈಗೆ ಗಡಿಯಾರ ಕೊಟ್ಟು ಲೆಕ್ಕ ಮಾಡಿಸಿದರು. 500 ಎಂಎಲ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಸೆಟ್‌ನಲ್ಲಿ ಒಂದು ಎಂಎಲ್‌ಗೆ 20 ಹನಿ, ಹಾಗಾದರೆ ನಿಮಿಷಕ್ಕೆ ಎಷ್ಟು? ಸುಮಾರು 42. ಈಗ ಕಣ್ಣಿನಲ್ಲೇ ಅಂದಾಜು ಸಿಗುತ್ತದೆ. ಆದರೂ ಎಣಿಸುತ್ತೇನೆ.

ಗಂಗಾವಳಿ ದಂಡೆ, ಅಂಕೋಲಾ

ನಾನು ನರ್ಸ್ ಅಲ್ಲ. ಅಮ್ಮನನ್ನು ಎರಡು ಸಲ ಆಸ್ಪತ್ರೆಗೆ ಸೇರಿಸಿ ಹಗಲು ರಾತ್ರಿ ಪಕ್ಕದಲ್ಲಿ ಕೂತವನು. ಸಿಸ್ಟರ್ ಹೇಳಿದ್ದನ್ನು ಅಲ್ಲಗಳೆಯುವುದಿಲ್ಲ. ಆದರೆ ನಾನು ಕಂಡದ್ದು ಬೇರೆ. ರಾತ್ರಿ ಮೂವತ್ತಕ್ಕೂ ಜಾಸ್ತಿ ಹಾಸಿಗೆಗೆ ಒಬ್ಬರೇ ಸಿಸ್ಟರ್. ಅವರು ಒಂದು ಸಲವೂ ಕೂತದ್ದು ನಾನು ನೋಡಲಿಲ್ಲ. ಅಂಥ ಕಡೆ ಕಲಿಸುವವರು ಯಾರಿಗೆ ಕಲಿಸಬೇಕು, ಯಾವಾಗ ಕಲಿಸಬೇಕು? ಮೊದಲು ಜನ ಕೊಡಿ ಅಂತ ಕೇಳಬೇಕಲ್ಲವೇ?

2024ರ ಜುಲೈ 16ಕ್ಕೆ ನಮ್ಮ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದ್ ಆಯಿತು. ಮಣಿಪಾಲಕ್ಕೆ ಹೋಗುತ್ತೇವೆ ಅನ್ನುವ ಧೈರ್ಯ ಎಲ್ಲ ಆ ದಿನಗಳಲ್ಲಿ ಕರಗಿತು. ಅವತ್ತು ನಮಗೆ ಗೊತ್ತಾದದ್ದು, ಹತ್ತಿರದ ಆಸ್ಪತ್ರೆಯಲ್ಲಿ ಇರುವ ನಾಲ್ಕು ಜನರೇ ನಮಗೆ ಗತಿ ಅಂತ. ಆ ನಾಲ್ಕು ಜನ ಎಂಟು ಆಗಲಿ ಅನ್ನುವುದು ನನ್ನ ಮಾತು.

ನಿವೃತ್ತ ಸೂಪರಿಂಟೆಂಡೆಂಟ್, ಕುಮಟಾ

ಅಂಕೋಲಾದ ತಮ್ಮನ ಮಾತು ನೂರಕ್ಕೆ ನೂರು ಸರಿ. ಭಾರತೀಯ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗೆ ಒಬ್ಬರು, ಬೇರೆ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು ಇರಬೇಕು. ಮೇಲಿಂದ ರಜೆಗೆ ಹೋಗುವವರ ಜಾಗಕ್ಕೆ ಶೇಕಡಾ 30. ನನ್ನ ಸರ್ವಿಸ್ ಪೂರ್ತಿ ಈ ಲೆಕ್ಕ ನಾನು ಕಾಗದದಲ್ಲಿ ಮಾತ್ರ ನೋಡಿದೆ.

ಆದರೂ ಒಂದು ಮಾತು, ತಮ್ಮಾ. ಜನ ಕಡಿಮೆ ಇದ್ದಾಗಲೇ ಕಲಿಕೆ ಜಾಸ್ತಿ ಬೇಕು. ಐದು ಜನ ಇದ್ದಲ್ಲಿ ಒಬ್ಬರಿಗೆ ಗೊತ್ತಿಲ್ಲದ್ದನ್ನು ಇನ್ನೊಬ್ಬರು ಹೇಳುತ್ತಾರೆ. ಒಬ್ಬರೇ ಇದ್ದಲ್ಲಿ ಕೇಳುವುದು ಯಾರನ್ನ?

ನಾನು ಸೂಪರಿಂಟೆಂಡೆಂಟ್ ಆದದ್ದು ಸೀನಿಯಾರಿಟಿಯಿಂದ. ಒಳ್ಳೆ ನರ್ಸ್ ಆಗಿದ್ದೆ, ಅಷ್ಟರಿಂದ ಒಳ್ಳೆ ಕಲಿಸುವವಳು ಆಗುತ್ತೇನೆ ಅಂತ ಎಲ್ಲರೂ ಅಂದುಕೊಂಡರು. ನಾನೂ ಅಂದುಕೊಂಡೆ. ಹಾಗಾಗುವುದಿಲ್ಲ. ನನ್ನ ಕೈಗೆ ಗೊತ್ತಿದ್ದದ್ದನ್ನು ಬಾಯಲ್ಲಿ ಹೇಳಲು ಬರುತ್ತಿರಲಿಲ್ಲ. ಮಗುವಿನ ರಕ್ತನಾಳ ಹುಡುಕುವುದು ಹೇಗೆ ಅಂತ ಕೇಳಿದರೆ "ಹೀಗೆ ನೋಡು" ಅಂತ ನಾನೇ ಮಾಡಿ ಮುಗಿಸುತ್ತಿದ್ದೆ. ಅವರು ನನ್ನ ಬೆನ್ನು ನೋಡುತ್ತಾ ನಿಲ್ಲುತ್ತಿದ್ದರು. ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಲ್ಲುವುದನ್ನು ಕಲಿಯಲು ನನಗೆ ವರ್ಷಗಳೇ ಬೇಕಾದವು.

ಇನ್ನೊಂದು, ಫೋನ್ ಮಾಡುವುದನ್ನು ಕಲಿಸಿ. ಯಾರೂ ಇದನ್ನು ವಿದ್ಯೆ ಅಂದುಕೊಳ್ಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಹೊಸ ಹುಡುಗಿ ಡಾಕ್ಟರಿಗೆ ಫೋನ್ ಮಾಡಿ "ಸರ್, ಪೇಷೆಂಟ್ ಯಾಕೋ ಸರಿ ಇಲ್ಲ" ಅಂದರೆ ಅವರಿಗೆ ಏನು ತಿಳಿಯಬೇಕು? ನಾವು ಹೀಗೆ ಹೇಳಿಸುತ್ತಿದ್ದೆವು: "ಸರ್, ಆರನೇ ಬೆಡ್. ಬಿಪಿ 80/50, ನಾಡಿ 124. ಸಂಜೆ ಸಿಸೇರಿಯನ್ ಆದವರು. ಒಂದು ಗಂಟೆಯಲ್ಲಿ ಎರಡು ಪ್ಯಾಡ್ ತೊಯ್ದಿದೆ. ರಕ್ತ ಹೋಗುತ್ತಿದೆ ಅಂತ ನನಗೆ ಅನ್ನಿಸುತ್ತದೆ. ನೀವು ಈಗಲೇ ಬರಬೇಕು." ಈಗ ಏನಾಗಿದೆ, ಹಿಂದೆ ಏನಾಗಿತ್ತು, ನನಗೆ ಏನನ್ನಿಸುತ್ತದೆ, ನೀವು ಏನು ಮಾಡಬೇಕು. ನಾಲ್ಕೇ ಮಾತು. ಎಸ್‌ಬಾರ್ ಅನ್ನುತ್ತಾರೆ. ಇದು ಆಸ್ಪತ್ರೆಗೆ ಬಂದದ್ದು ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ. ಕದಂಬ ನೌಕಾನೆಲೆ ಪಕ್ಕದಲ್ಲೇ ಇರುವ ಕಾರವಾರದವರಿಗೆ ಇದು ಇಷ್ಟ ಆಗಬಹುದು. ಮೂರನೇ ಮಾತು ಹೇಳುವುದಕ್ಕೆ ನಮ್ಮ ಹುಡುಗಿಯರು ತುಂಬಾ ಹೆದರುತ್ತಾರೆ. "ನನಗೆ ಅನ್ನಿಸುತ್ತದೆ" ಅಂತ ಡಾಕ್ಟರಿಗೆ ಹೇಳುವುದು ಹೇಗೆ ಅಂತ. ಆ ಹೆದರಿಕೆ ತೆಗೆಯುವುದು ಇನ್‌ಚಾರ್ಜ್ ಕೆಲಸ. ನಾನೇ ಡಾಕ್ಟರ್ ಆಗಿ ಪಕ್ಕದ ಕೋಣೆಯಿಂದ ಫೋನ್ ಎತ್ತುತ್ತಿದ್ದೆ, ಅವರು ಹೇಳಬೇಕು. ನಾಲ್ಕು ಸಲ ಹಾಗೆ ಮಾಡಿದರೆ ಗಂಟಲು ಬಿಡುತ್ತದೆ.

ತೋಟದ ಡಾಕ್ಟರ್, ಸಿದ್ದಾಪುರ

ಡಾಕ್ಟರಾಗಿ ಇಲ್ಲಿ ಬರೆಯುತ್ತಿದ್ದೇನೆ. ಹಾವು ಕಡಿದವರನ್ನು ನೋಡಿಕೊಳ್ಳುವುದನ್ನು ನನಗೆ ಸರಿಯಾಗಿ ಕಲಿಸಿದ್ದು ಒಬ್ಬ ಹಿರಿಯ ಸಿಸ್ಟರ್. ಓದಿ ಬಂದಿದ್ದೆ, ಆದರೆ ಮಾಡಿರಲಿಲ್ಲ.

ನಮ್ಮಲ್ಲಿ ಅಡಿಕೆ ತೋಟ, ಗದ್ದೆ, ಹುಲ್ಲು ಬಣವೆ. ಮಳೆಗಾಲ ಬಂತೆಂದರೆ ಹಾವಿನ ಕೇಸ್ ಬಂದೇ ಬರುತ್ತದೆ. ಮಂಡಲದ ಹಾವು ಕಡಿದರೆ ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ. ಅದನ್ನು ನೋಡಲು ದೊಡ್ಡ ಲ್ಯಾಬ್ ಬೇಡ. ಒಣಗಿದ ಗಾಜಿನ ಟ್ಯೂಬ್‌ನಲ್ಲಿ ಎರಡು ಎಂಎಲ್ ರಕ್ತ ಹಾಕಿ, 20 ನಿಮಿಷ ಮುಟ್ಟದೆ ಇಡಬೇಕು. ಆಮೇಲೆ ಒಂದೇ ಸಲ ಓರೆ ಮಾಡಿ ನೋಡಬೇಕು. ನೀರಿನ ಹಾಗೆ ಹರಿದರೆ ವಿಷ ಏರಿದೆ. ಕೇಳಲು ಎಷ್ಟು ಸುಲಭ ಅಲ್ವಾ? ಆದರೆ ಐದೈದು ನಿಮಿಷಕ್ಕೆ ಅಲ್ಲಾಡಿಸಿ ನೋಡಿ ಹಾಳು ಮಾಡುವವರನ್ನು ಕಂಡಿದ್ದೇನೆ. ಆ ಸಿಸ್ಟರ್ ಟ್ಯೂಬ್ ಮೇಲೆ ಹೊತ್ತು ಬರೆದು, ಕಿಟಕಿ ಕಟ್ಟೆಯ ಮೇಲೆ ಇಟ್ಟು, ಹೊಸಬರನ್ನು ಅದರ ಮುಂದೆ ನಿಲ್ಲಿಸುತ್ತಿದ್ದರು. "ನೋಡು, ಮುಟ್ಟಬೇಡ" ಅಂತ.

ಹಾವಿನ ವಿಷ ಇಳಿಸುವ ಔಷಧ ಪುಡಿ ರೂಪದಲ್ಲಿ ಬರುತ್ತದೆ. ನೀರು ಹಾಕಿ ಜೋರಾಗಿ ಕುಲುಕಿದರೆ ನೊರೆ ಬರುತ್ತದೆ. ಅಂಗೈಯಲ್ಲಿಟ್ಟು ನಿಧಾನಕ್ಕೆ ತಿರುಗಿಸಬೇಕು. ಮೊದಲಿಗೇ ಎಂಟರಿಂದ ಹತ್ತು ವಯಲ್ ಬೇಕಾಗುವುದರಿಂದ ಇದು ಅವಸರದಲ್ಲಿ ಆಗುವ ಕೆಲಸ ಅಲ್ಲ. ಆ ಔಷಧ ಮೈಗೆ ಆಗದಿದ್ದರೆ ಕೊಡಲು ಪಕ್ಕದಲ್ಲಿ ಅಡ್ರಿನಲಿನ್ ಎಳೆದು ಇಟ್ಟುಕೊಂಡೇ ಶುರು ಮಾಡಬೇಕು. ರೋಗಿಗೆ ಮೈ ತುರಿಸುತ್ತಿದೆಯಾ, ತುಟಿ ಊದುತ್ತಿದೆಯಾ ಅಂತ ಮೊದಲು ಕಾಣುವುದು ಪಕ್ಕದಲ್ಲಿ ನಿಂತ ನರ್ಸ್. 2024ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಒಳ್ಳೆಯದಾಯಿತು. ಆದರೆ ಟ್ಯೂಬ್ ಮುಂದೆ ನಿಲ್ಲಿಸಿ ಕಲಿಸುವ ಸಿಸ್ಟರ್ ಪ್ರತಿ ತಾಲೂಕಿಗೂ ಬೇಕು.

ಮಂಗನ ಕಾಯಿಲೆಯೂ ಹಾಗೇ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಂಡದ್ದು, ನಮ್ಮ ತಾಲೂಕನ್ನೂ ಕಾಡುತ್ತಿದೆ. ಪ್ಲೇಟ್‌ಲೆಟ್ ಇಳಿದ ಜ್ವರದ ರೋಗಿಗೆ ಸೊಂಟಕ್ಕೆ ಇಂಜೆಕ್ಷನ್ ಚುಚ್ಚಬಾರದು, ಒಸಡು ನೋಡಬೇಕು, ಮೂತ್ರದ ಬಣ್ಣ ನೋಡಬೇಕು. ಹೊರಜಿಲ್ಲೆಯಿಂದ ಬಂದ ಹೊಸ ನರ್ಸ್‌ಗೆ ಇದನ್ನು ಇಲ್ಲಿಯವರೇ ಹೇಳಿಕೊಡಬೇಕು.

ಶರಾವತಿ ಸಿಸ್ಟರ್, ಹೊನ್ನಾವರ ತಾಲೂಕು

ನೀವೆಲ್ಲ ಇನ್‌ಚಾರ್ಜ್ ಅನ್ನುತ್ತಿದ್ದೀರಿ. ನಮ್ಮ ಪಿಎಚ್‌ಸಿಯಲ್ಲಿ ರಾತ್ರಿ ನಾನೇ ನರ್ಸ್, ನಾನೇ ಇನ್‌ಚಾರ್ಜ್, ನಾನೇ ಆಯಾ. ನನಗೆ ಕಲಿಸುವವರು ಯಾರು?

ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಒಮ್ಮೆ ಸಿಕ್ಕಿತ್ತು. 2012ರ ಸುಮಾರಿಗೆ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಸುಕ್ಷೇಮ ಅಂತ ಒಂದು ಯೋಜನೆ ಇತ್ತು. ಅದರಲ್ಲಿ ನರ್ಸ್ ಮೆಂಟರ್‌ಗಳು ಪಿಎಚ್‌ಸಿಯಿಂದ ಪಿಎಚ್‌ಸಿಗೆ ಹೋಗುತ್ತಿದ್ದರು. ಇನ್‌ಸ್ಪೆಕ್ಷನ್ ಅಲ್ಲ. ಬಂದು ಜೊತೆಗೆ ಕೂತು, ಕೇಸ್ ಶೀಟ್ ನೋಡಿ, ಹೆರಿಗೆ ಇದ್ದರೆ ಜೊತೆಗೆ ನಿಂತು ಕಲಿಸುವುದು. ನಾನು ಆಗ ಆ ಕಡೆ ಗುತ್ತಿಗೆಯಲ್ಲಿ ಕೆಲಸ ಮಾಡುತ್ತಿದ್ದೆ. ನರ್ಸ್‌ಗೆ ನರ್ಸೇ ಕಲಿಸಿದ್ದರಿಂದ "ಇದು ಗೊತ್ತಿಲ್ಲ" ಅಂತ ಬಾಯಿ ಬಿಟ್ಟು ಹೇಳಲು ಆಗುತ್ತಿತ್ತು. ಡಾಕ್ಟರ್ ಎದುರು ಅಷ್ಟು ಸುಲಭಕ್ಕೆ ಬಾಯಿ ಬರುವುದಿಲ್ಲ, ಸಿದ್ದಾಪುರದ ಸರ್ ಬೇಜಾರು ಮಾಡಿಕೊಳ್ಳಬಾರದು.

ಆ ಮೆಂಟರ್ ಅಕ್ಕ ಮೊದಲ ಭೇಟಿಯಲ್ಲಿ ನೋಡಿದ್ದು ನಮ್ಮ ಆಕ್ಸಿಟೋಸಿನ್ ಎಲ್ಲಿದೆ ಅಂತ. ಮೇಜಿನ ಮೇಲಿನ ಟ್ರೇಯಲ್ಲಿತ್ತು, ಬೇಸಿಗೆಯಲ್ಲಿ. ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಮಗು ಹುಟ್ಟಿದ ಒಂದು ನಿಮಿಷದಲ್ಲಿ ತಾಯಿಗೆ 10 ಯೂನಿಟ್ ಕೊಡುತ್ತೇವೆ, ರಕ್ತ ನಿಲ್ಲಲಿ ಅಂತ. ಬಿಸಿಲಿಗೆ ಬಲ ಕಳೆದುಕೊಂಡ ಔಷಧ ಕೊಟ್ಟು ನಾವು ನೆಮ್ಮದಿಯಾಗಿದ್ದೆವು. ಅವರು ಬೈಯಲಿಲ್ಲ. ಫ್ರಿಜ್‌ನ ಯಾವ ಅರೆ ಅಂತ ತೋರಿಸಿ, ಚೀಟಿ ಅಂಟಿಸಿ, ಮುಂದಿನ ಸಲ ಬಂದಾಗ ಮೊದಲು ಫ್ರಿಜ್ ತೆಗೆದು ನೋಡಿದರು.

ಮಗು ಅಳದಿದ್ದರೆ ಒಂದು ನಿಮಿಷದ ಒಳಗೆ, ಕೈಯಲ್ಲಿ ಒತ್ತಿ ಗಾಳಿ ಕೊಡುವ ಅಂಬು ಬ್ಯಾಗ್‌ನಿಂದ ಉಸಿರು ಕೊಡಬೇಕು. ಇದನ್ನು ಗೊಂಬೆಯ ಮೇಲೆ ಕಲಿತೆ. ಗೊಂಬೆಯ ಎದೆ ಏರುವುದು ಕಾಣುವ ತನಕ ಬಿಡಲಿಲ್ಲ. ಎರಡು ಮಳೆಗಾಲದ ಹಿಂದೆ, ಇಲ್ಲಿ, ಕರೆಂಟ್ ಇಲ್ಲದ ರಾತ್ರಿ, ಒಂದು ಮಗು ಅಳಲಿಲ್ಲ. ಟಾರ್ಚ್ ಹಿಡಿದವರು ಆಶಾ ಕಾರ್ಯಕರ್ತೆ. ಮಾಸ್ಕ್ ಕೂರಿಸಿ ಒತ್ತಿದೆ, ಎದೆ ಏರಲಿಲ್ಲ. ತಲೆ ಸರಿ ಮಾಡಿ ಮತ್ತೆ ಕೂರಿಸಿದೆ. ಏರಿತು. ಆ ಮಗು ಈಗ ಓಡಾಡುತ್ತದೆ, ಲಸಿಕೆಗೆ ಬಂದಾಗ ನನ್ನ ಸೀರೆ ಎಳೆಯುತ್ತದೆ.

ಟ್ರೈನಿಂಗ್‌ಗೆ ಕರೆಯುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಕಾರವಾರಕ್ಕೆ ಹೋದರೆ ಇಲ್ಲಿ ನೋಡಿಕೊಳ್ಳುವವರಿಲ್ಲ. ಹಾಗಾಗಿ ಪ್ರತಿ ಸಲ ಬಿಡುವಿರುವವರೇ ಹೋಗುತ್ತಾರೆ. ಹೆರಿಗೆ ಮಾಡಿಸುವವರು ಇಲ್ಲೇ ಉಳಿಯುತ್ತಾರೆ.

ಸಣ್ಣ ಆಸ್ಪತ್ರೆ ನಡೆಸುವವರು, ಕರಾವಳಿ

ನಮ್ಮ ಕಷ್ಟವನ್ನೂ ಕೇಳಿ. ಎರಡು ವರ್ಷ ಕಲಿಸುತ್ತೇವೆ. ಕೈ ಕುದುರಿದ ಕೂಡಲೇ ಮಂಗಳೂರು, ಬೆಂಗಳೂರು, ಗಲ್ಫ್, ಈಗ ಜರ್ಮನಿ. ಖರ್ಚು ಮಾಡಿ ಕಲಿಸಿ ಬೇರೆಯವರಿಗೆ ಕಳಿಸಿಕೊಡುವುದಾ?

ಘಟ್ಟದ ಸಿಸ್ಟರ್, ಶಿರಸಿ

ಹೋಗುವವರನ್ನು ತಡೆಯಲು ಆಗುವುದಿಲ್ಲ, ಸರ್. ಸಂಬಳ ಅಲ್ಲಿ ಜಾಸ್ತಿ. ಆದರೆ ಕಲಿಸದೆ ಇಟ್ಟುಕೊಂಡರೆ ಆ ಎರಡು ವರ್ಷ ನಿಮ್ಮ ರೋಗಿಗಳು ಯಾರ ಕೈಯಲ್ಲಿ ಇರುತ್ತಾರೆ? ಅದನ್ನು ಮೊದಲು ಯೋಚಿಸಿ. ನನ್ನ ವಾರ್ಡಿನಿಂದ ಹೋದ ಒಬ್ಬಳು ನಾಲ್ಕು ವರ್ಷ ಬಿಟ್ಟು ಮದುವೆಯಾಗಿ ಯಲ್ಲಾಪುರಕ್ಕೆ ಬಂದಳು. ಈಗ ಅಲ್ಲಿ ಅವಳೇ ಹೊಸಬರಿಗೆ ಕಲಿಸುತ್ತಿದ್ದಾಳೆ.

ಪಾಠದ ಮೇಡಂ, ಕಾರವಾರ

ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಶಿರಸಿಯ ಆ ಹುಡುಗಿ "ಪರೀಕ್ಷೆಯಲ್ಲಿ ಬರೆದಿದ್ದೆ" ಅಂದದ್ದು ನನಗೆ ಚುಚ್ಚಿತು. ನಮ್ಮ ಪಾಲೂ ಅದರಲ್ಲಿದೆ.

ಅಮೆರಿಕದ ಪೆಟ್ರೀಷಿಯಾ ಬೆನ್ನರ್ ಅನ್ನುವ ನರ್ಸ್ 1980ರ ದಶಕದಲ್ಲಿ ಒಂದು ವಿಷಯ ಹೇಳಿದರು. ನರ್ಸ್ ಐದು ಮೆಟ್ಟಿಲು ಹತ್ತುತ್ತಾರೆ, ಏನೂ ತಿಳಿಯದ ಹೊಸಬರಿಂದ ಪಳಗಿದವರ ತನಕ. ಒಂದೇ ಥರದ ರೋಗಿಗಳ ಜೊತೆ ಎರಡು ಮೂರು ವರ್ಷ ಕೆಲಸ ಮಾಡಿದರೆ ನಡುವಿನ ಮೆಟ್ಟಿಲು. ಮಕ್ಕಳ ವಾರ್ಡಿನಲ್ಲಿ ಪಳಗಿದವರನ್ನು ಐಸಿಯುಗೆ ಹಾಕಿದರೆ ಮತ್ತೆ ಕೆಳಗಿನ ಮೆಟ್ಟಿಲು. ಇದನ್ನು ಯಾಕೆ ಹೇಳಿದೆ ಅಂದರೆ, ಮೂರು ತಿಂಗಳಿಗೊಮ್ಮೆ ವಾರ್ಡ್ ಬದಲಿಸುವ ಪದ್ಧತಿ ಕೆಲವು ಕಡೆ ಇದೆ. ಎಲ್ಲರಿಗೂ ಎಲ್ಲ ಬರಲಿ ಅನ್ನುವ ಒಳ್ಳೆ ಮನಸ್ಸಿನಿಂದಲೇ ಮಾಡುತ್ತಾರೆ. ಯಾರೂ ಎಲ್ಲಿಯೂ ಪಳಗುವುದಿಲ್ಲ. ಕುಮಟಾದ ಮೇಡಂ ಕೈಗೆ ಗೊತ್ತಿದ್ದದ್ದು ಬಾಯಿಗೆ ಬರುತ್ತಿರಲಿಲ್ಲ ಅಂದರಲ್ಲ, ಪಳಗಿದವರ ಲಕ್ಷಣವೇ ಅದು. ಅದಕ್ಕೆ ಕಲಿಸುವುದನ್ನು ಬೇರೆಯಾಗಿಯೇ ಕಲಿಯಬೇಕು.

ನೋಂದಣಿ ನವೀಕರಣಕ್ಕೆ ಐದು ವರ್ಷದಲ್ಲಿ 150 ಗಂಟೆಯ ಕಲಿಕೆ ಬೇಕು. ಆ ಗಂಟೆಗಳನ್ನು ತುಂಬಿಸಲು ಎಲ್ಲರೂ ಸಭಾಂಗಣದಲ್ಲಿ ಕೂರುತ್ತಾರೆ. ನಾನೂ ಅಲ್ಲಿ ಭಾಷಣ ಮಾಡಿದ್ದೇನೆ. ಮೂರನೇ ಸಾಲಿನಿಂದ ಹಿಂದೆ ಯಾರೂ ಕೇಳುತ್ತಿರುವುದಿಲ್ಲ, ನೈಟ್ ಮುಗಿಸಿ ಬಂದವರಿಗೆ ಕಣ್ಣು ಎಳೆಯುತ್ತಿರುತ್ತದೆ. ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ವಾರ್ಡಿನಲ್ಲಿ ಇನ್‌ಚಾರ್ಜ್ ಕಲಿಸುವ ಹತ್ತು ನಿಮಿಷಗಳನ್ನೂ ಲೆಕ್ಕಕ್ಕೆ ಹಿಡಿಯುವಂತಾದರೆ ಎಷ್ಟು ಚೆನ್ನ. ಇನ್ನು ಗುತ್ತಿಗೆಯ ನರ್ಸ್‌ಗಳನ್ನು ಟ್ರೈನಿಂಗ್ ಪಟ್ಟಿಯಿಂದ ಬಿಡಬೇಡಿ. ರೋಗಿಗೆ ಚುಚ್ಚುವ ಸೂಜಿಗೆ ಗುತ್ತಿಗೆ, ಕಾಯಂ ಅಂತ ಇಲ್ಲ.

ಗಂಗಾವಳಿ ದಂಡೆ, ಅಂಕೋಲಾ

ಶರಾವತಿ ಸಿಸ್ಟರ್ ಬರೆದದ್ದನ್ನು ಎರಡು ಸಲ ಓದಿದೆ. ಮೊದಲು ಜನ ಕೊಡಿ ಅನ್ನುವುದನ್ನು ನಾನು ಬಿಡುವುದಿಲ್ಲ. ಆದರೆ ಮುಂದಿನ ಸಲ ಆರೋಗ್ಯ ರಕ್ಷಾ ಸಮಿತಿ ಸಭೆಗೆ ನಮ್ಮ ಊರಿನವರು ಹೋದಾಗ ಇನ್ನೊಂದನ್ನೂ ಕೇಳಿಸುತ್ತೇನೆ. ವಾರ್ಡಿಗೆ ಒಬ್ಬರು ಲೆಕ್ಕ ಬರೆಯುವವರು ಬೇಕು. ಸಿಸ್ಟರ್ ಬೆಡ್‌ಶೀಟ್ ಎಣಿಸುವುದು ನಿಲ್ಲಲಿ.

ಘಟ್ಟದ ಸಿಸ್ಟರ್, ಶಿರಸಿ

ಅಣ್ಣಾ, ಅದೊಂದು ಆದರೆ ನನ್ನ ಅರ್ಧ ದಿನ ವಾಪಸ್ ಬರುತ್ತದೆ.

ನಾನು ಸೋಮವಾರದಿಂದ ಒಂದು ಶುರು ಮಾಡುತ್ತಿದ್ದೇನೆ. ಮಧ್ಯಾಹ್ನ ಎರಡಕ್ಕೆ ಚಾರ್ಜ್ ಬದಲಾಗುವಾಗ ಎರಡೂ ಪಾಳಿಯವರು ಒಟ್ಟಿಗೆ ಇರುತ್ತಾರೆ. ಆಗ ಹತ್ತು ನಿಮಿಷ, ಒಂದೇ ವಿಷಯ, ಒಬ್ಬ ರೋಗಿಯ ಹಾಸಿಗೆ ಪಕ್ಕ. ಮೊದಲ ವಾರ ಇನ್ಸುಲಿನ್ ಸಿರಿಂಜ್. ಕಲಿಸುವವಳು ನಾನಲ್ಲ, ಆ ಹುಡುಗಿ. ಕೇಳಿದೆ, ಸ್ವಲ್ಪ ಹೆದರಿ ಹೂಂ ಅಂದಿದ್ದಾಳೆ. ಎರಡನೇ ವಾರ ಕುಮಟಾದ ಮೇಡಂ ಹೇಳಿದ ಫೋನ್ ಅಭ್ಯಾಸ. ಮೂರನೇ ವಾರ ಹಾವಿನ ಟ್ಯೂಬ್.

ಡಾಕ್ಟರ್ ಸರ್, ಒಂದು ಕೇಳಬೇಕಿತ್ತು. ನಮ್ಮಲ್ಲಿ ಗಾಜಿನ ಟ್ಯೂಬ್ ತೊಳೆದು ಮತ್ತೆ ಬಳಸುತ್ತಾರೆ. ಅದು ಆಗುತ್ತದಾ?

ತೋಟದ ಡಾಕ್ಟರ್, ಸಿದ್ದಾಪುರ

ಆಗುವುದಿಲ್ಲ, ಸಿಸ್ಟರ್. ಸೋಪಿನ ಅಂಶ ಗಾಜಿಗೆ ಹಿಡಿದಿದ್ದರೆ ಒಳ್ಳೆ ರಕ್ತವೂ ಹೆಪ್ಪುಗಟ್ಟುವುದಿಲ್ಲ, ವಿಷ ಇಲ್ಲದವರಿಗೂ ಔಷಧ ಹೋಗುತ್ತದೆ. ಪ್ಲಾಸ್ಟಿಕ್ ಟ್ಯೂಬ್ ಕೂಡ ಬೇಡ. ಹೊಸ ಗಾಜಿನ ಟ್ಯೂಬ್ ಒಂದು ಡಬ್ಬಿ ಬೇರೆಯೇ ಇಡಿ, ಬೀಗ ಹಾಕಬೇಡಿ. ಅನುಮಾನ ಬಂದರೆ ಕಡಿತ ಇಲ್ಲದ ಒಬ್ಬರ ರಕ್ತವನ್ನು ಇನ್ನೊಂದು ಟ್ಯೂಬ್‌ನಲ್ಲಿ ಹಾಕಿ ಪಕ್ಕದಲ್ಲೇ ಇಟ್ಟು ನೋಡಿ. ಮೂರನೇ ವಾರ ನಾನು ಶಿರಸಿಗೆ ಬರುವವನಿದ್ದೇನೆ, ಎರಡು ಗಂಟೆಗೆ ನಿಮ್ಮ ವಾರ್ಡಿಗೆ ಬಂದು ನಿಲ್ಲುತ್ತೇನೆ. ಕಲಿಸುವುದು ಮಾತ್ರ ನೀವೇ.